ಮೇಳದ ತಳಸ್ವರ

1845ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬಾನ್ ಊರಿನಲ್ಲಿ ಬೀಥೋವನ್‌ನ ಕಂಚಿನ ಪ್ರತಿಮೆಯ ಅನಾವರಣವಾಯಿತು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ, ಪ್ರಷ್ಯದ ದೊರೆ, ಯುರೋಪಿನ ಹೆಸರಾಂತ ಸಂಗೀತಗಾರರು ಎಲ್ಲರೂ ಅಲ್ಲಿ ನೆರೆದಿದ್ದರು. ಆ ಉತ್ಸವದಲ್ಲಿ ಬೀಥೋವನ್‌ನ ಐದನೆಯ ಸಿಂಫೊನಿ ನುಡಿಸಿದಾಗ 13 ಡಬಲ್ ಬೇಸ್‌ಗಳ ಪಡೆಯನ್ನು ಮುಂದೆ ನಿಂತು ನಡೆಸಿದಾತನಿಗೆ 82 ವರ್ಷ. ಹೆಸರು ಡೊಮೆನಿಕೊ ಡ್ರಾಗೊನೆಟ್ಟಿ. ಹುಟ್ಟೂರು ವೆನಿಸ್, ಬಾಳಿ ಬದುಕಿದ್ದು ಲಂಡನ್ನಿನಲ್ಲಿ.

ಅಷ್ಟು ವಯಸ್ಸಾದವನು ಸಮುದ್ರ ದಾಟಿ ಬಂದು ಆ ಭಾರೀ ವಾದ್ಯವನ್ನು ಹಿಡಿದು ನಿಲ್ಲುವುದಕ್ಕೆ ಕಾರಣವಿತ್ತು. ಐದನೆಯ ಸಿಂಫೊನಿಯ ಮೂರನೆಯ ಭಾಗದಲ್ಲಿ ಬೇಸ್‌ಗಳಿಗೆ ಬೀಥೋವನ್ ಬರೆದ ಓಟದ ಸ್ವರಗಳು ಆ ಕಾಲದ ವಾದಕರನ್ನು ದಂಗುಬಡಿಸಿದ್ದವು. ಇಂಥದ್ದು ಈ ವಾದ್ಯದಲ್ಲಿ ಸಾಧ್ಯ ಎಂಬುದನ್ನು ಬೀಥೋವನ್‌ಗೆ ತೋರಿಸಿಕೊಟ್ಟವನೇ ಡ್ರಾಗೊನೆಟ್ಟಿ ಎಂದು ಸಂಗೀತದ ಇತಿಹಾಸ ಬಲ್ಲವರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. 1799ರಲ್ಲಿ ಇಬ್ಬರೂ ವಿಯೆನ್ನಾದಲ್ಲಿ ಭೇಟಿಯಾಗಿದ್ದರು. ಚೆಲ್ಲೊ ಮತ್ತು ಪಿಯಾನೊಗಾಗಿ ಬೀಥೋವನ್ ಬರೆದಿದ್ದ ಒಂದು ಸೊನಾಟವನ್ನು ಡ್ರಾಗೊನೆಟ್ಟಿ ತನ್ನ ಬೇಸ್‌ನಲ್ಲೇ ನುಡಿಸಿದ. ಪಿಯಾನೊದಲ್ಲಿ ಕೂತಿದ್ದವನು ಸ್ವತಃ ಬೀಥೋವನ್. ಮುಗಿದೊಡನೆ ಬೀಥೋವನ್ ಎದ್ದು ಬಂದು ವಾದಕನನ್ನೂ ವಾದ್ಯವನ್ನೂ ಒಟ್ಟಿಗೇ ತಬ್ಬಿಕೊಂಡನಂತೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಾದ್ಯವೃಂದವನ್ನು ಟಿವಿಯಲ್ಲೋ ವೇದಿಕೆಯಲ್ಲೋ ನೋಡಿದವರಿಗೆ ಡಬಲ್ ಬೇಸ್ ಕಣ್ಣಿಗೆ ಬಿದ್ದೇ ಇರುತ್ತದೆ. ಆಳುದ್ದಕ್ಕಿಂತ ಎತ್ತರದ, ಪಿಟೀಲಿನ ಕುಟುಂಬಕ್ಕೆ ಸೇರಿದ, ಸುಮಾರು ಆರಡಿಯ ಮರದ ವಾದ್ಯ ಅದು. ವಾದಕರು ನಿಂತೋ, ಎತ್ತರದ ಸ್ಟೂಲಿಗೆ ಅರ್ಧ ಒರಗಿಯೋ ಕಮಾನು ಎಳೆಯುತ್ತಾರೆ. ದೊಡ್ಡ ಸಿಂಫೊನಿ ವೃಂದದಲ್ಲಿ ಸಾಮಾನ್ಯವಾಗಿ ಎಂಟು ಬೇಸ್‌ಗಳಿರುತ್ತವೆ. ಕಣ್ಣಿಗೆ ಇಷ್ಟು ಎದ್ದು ಕಾಣುವ ಈ ವಾದ್ಯ ಕಿವಿಗೆ ಮಾತ್ರ ಸುಲಭವಾಗಿ ಸಿಕ್ಕುವುದಿಲ್ಲ. ಕಛೇರಿ ಮುಗಿಸಿ ಹೊರಬರುವವರ ನಾಲಿಗೆಯ ಮೇಲೆ ಪಿಟೀಲಿನ ರಾಗವೋ ಕೊಳಲಿನ ರಾಗವೋ ಇರುತ್ತದೆ. ಬೇಸ್ ನುಡಿಸಿದ್ದನ್ನು ಗುನುಗಿಕೊಂಡು ಹೋಗುವವರು ಅಪರೂಪ. ಹಾಗಾದರೆ ಎಂಟು ಜನ ಅಲ್ಲಿ ಮಾಡುತ್ತಿರುವುದೇನು?

ಮನೆಯಲ್ಲಿ ಹಾರ್ಮೋನಿಯಂ ಇರುವವರು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಬಲಗೈಯಲ್ಲಿ ತಾರಷಡ್ಜದ ಮನೆಯನ್ನು ಒತ್ತಿ ಹಿಡಿಯಿರಿ, ಬಿಡಬೇಡಿ. ಎಡಗೈಯಲ್ಲಿ ಕೆಳಗಿನ ಷಡ್ಜ ಒತ್ತಿದರೆ ಮೇಲಿನ ಸ್ವರ ಮನೆಗೆ ಬಂದು ಕೂತಂತೆ ನೆಮ್ಮದಿಯಾಗಿರುತ್ತದೆ. ಎಡಗೈಯನ್ನು ಶುದ್ಧ ಮಧ್ಯಮಕ್ಕೆ ಸರಿಸಿ: ಅದೇ ಮೇಲಿನ ಸ್ವರ ಈಗ ಪಂಚಮವಾಗಿ ಕೇಳುತ್ತದೆ. ಚತುಶ್ರುತಿ ಧೈವತಕ್ಕೆ ಸರಿಸಿದರೆ ಸಾಧಾರಣ ಗಾಂಧಾರವಾಗಿ ಸ್ವಲ್ಪ ಮಂಕಾಗುತ್ತದೆ. ಶುದ್ಧ ಧೈವತಕ್ಕೆ ಸರಿಸಿದರೆ ಅಂತರ ಗಾಂಧಾರವಾಗಿ ಬೆಳಕೇರುತ್ತದೆ. ಬಲಗೈ ಅಲುಗಿಯೇ ಇಲ್ಲ. ಬದಲಾದದ್ದು ತಳ ಮಾತ್ರ.

ಕರ್ನಾಟಕ ಸಂಗೀತ ಬಲ್ಲವರಿಗೆ ಗ್ರಹಭೇದ ಗೊತ್ತು. ಆಧಾರ ಷಡ್ಜವನ್ನು ಪಲ್ಲಟಗೊಳಿಸಿದರೆ ಅವೇ ಸ್ವರಗಳು ಬೇರೊಂದು ರಾಗವಾಗಿ ತೋರುತ್ತವೆ. ನಮ್ಮ ಕಛೇರಿಯಲ್ಲಿ ಅದು ವಿದ್ವಾಂಸರು ಅಪರೂಪಕ್ಕೆ, ಎಚ್ಚರದಿಂದ ಕೈಹಾಕುವ ಕೌಶಲ. ಉಳಿದ ಹೊತ್ತೆಲ್ಲ ತಂಬೂರಿ ಒಂದೇ ಷಡ್ಜದಲ್ಲಿ ನಿಂತಿರುತ್ತದೆ. ಪಾಶ್ಚಾತ್ಯ ವೃಂದದಲ್ಲಾದರೋ ತಳಸ್ವರ ಕ್ಷಣಕ್ಷಣಕ್ಕೂ ಸರಿಯುತ್ತದೆ, ಮೇಲೆ ಹಾಡುತ್ತಿರುವ ಪಿಟೀಲಿನ ಒಂದೊಂದು ಸ್ವರಕ್ಕೂ ಆ ಕ್ಷಣದ ಅರ್ಥವನ್ನು ಕೊಡುತ್ತ ಹೋಗುತ್ತದೆ. ಬೇಸ್ ವಾದಕ ಕೂದಲೆಳೆಯಷ್ಟು ಅಪಶ್ರುತಿಯಾದರೆ ಪಿಟೀಲಿನವರೇ ಅಪಶ್ರುತಿ ನುಡಿಸಿದಂತೆ ಕೇಳುತ್ತದೆ. ಈ ಹೊಣೆ ಸಣ್ಣದಲ್ಲ. ವೃಂದದ ಶ್ರುತಿಶುದ್ಧಿಯನ್ನು ಕಾಯುವವರು ಮೊದಲು ಬೇಸ್‌ನವರು, ಆಮೇಲೆ ಉಳಿದವರು ಎನ್ನಬೇಕು.

ಆ ಹೊಣೆಯನ್ನು ಹೊರುವ ಕೈಗಳ ಕಷ್ಟ ನೋಡಿ. ಬೇಸ್‌ನ ತಂತಿ ಮೇಲಿನ ತುದಿಯಿಂದ ಕುದುರೆಯವರೆಗೆ ಸುಮಾರು 105 ಸೆಂಟಿಮೀಟರ್ ಇರುತ್ತದೆ. ಪಿಟೀಲಿನಲ್ಲಿ ಅದು ಸುಮಾರು 33 ಸೆಂಟಿಮೀಟರ್. ಪಿಟೀಲಿನ ಮೇಲ್ತುದಿಯಲ್ಲಿ ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವೆ ಎರಡು ಸೆಂಟಿಮೀಟರ್ ಕೂಡ ಇರುವುದಿಲ್ಲ. ಬೇಸ್‌ನಲ್ಲಿ ಐದೂವರೆ. ಪಿಟೀಲುವಾದಕರು ಕೈ ಕದಲಿಸದೆ ತೋರುಬೆರಳಿನಿಂದ ಕಿರುಬೆರಳಿಗೆ ಷಡ್ಜದಿಂದ ಮಧ್ಯಮದವರೆಗಿನ ಹರವನ್ನು ಮುಟ್ಟುತ್ತಾರೆ. ಬೇಸ್‌ನಲ್ಲಿ ಕೈಯನ್ನು ಪೂರ್ತಿ ಅಗಲಿಸಿದರೂ ಷಡ್ಜದಿಂದ ಚತುಶ್ರುತಿ ರಿಷಭದವರೆಗೆ ಮಾತ್ರ. ಉಂಗುರದ ಬೆರಳು ಒಂಟಿಯಾಗಿ ಆ ದಪ್ಪ ತಂತಿಯನ್ನು ಒತ್ತಲಾರದು. ಅದಕ್ಕೇ ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೆನ್ನಾದ ಫ್ರಾನ್ಸ್ ಸಿಮಾಂಡ್ಲ್ ರೂಪಿಸಿದ, ಇಂದಿಗೂ ಲೋಕದೆಲ್ಲೆಡೆ ಕಲಿಸುವ ಪಾಠಕ್ರಮದಲ್ಲಿ ತಂತಿಯ ಕೆಳಸ್ಥಾಯಿಯ ಭಾಗದಲ್ಲಿ ತೋರುಬೆರಳು, ಮಧ್ಯದ ಬೆರಳು, ಕಿರುಬೆರಳು ಇಷ್ಟೇ ಸ್ವರ ಹಿಡಿಯುತ್ತವೆ. ಉಂಗುರದ ಬೆರಳು ಕಿರುಬೆರಳಿಗೆ ಒತ್ತಾಸೆಯಾಗಿ ಜೊತೆಯಲ್ಲಿರುತ್ತದೆ.

ತಂತಿಗಳನ್ನು ಶ್ರುತಿ ಮಾಡುವ ರೀತಿಯೂ ಇದಕ್ಕೆ ಹೊಂದಿಕೊಂಡಿದೆ. ಪಾಶ್ಚಾತ್ಯ ಪಿಟೀಲು, ವಯೋಲಾ, ಚೆಲ್ಲೊಗಳಲ್ಲಿ ತಂತಿಯಿಂದ ತಂತಿಗೆ ಷಡ್ಜ-ಪಂಚಮದ ಅಂತರ. ಬೇಸ್‌ನಲ್ಲಿ ಷಡ್ಜ-ಮಧ್ಯಮದ ಅಂತರ. ಹಾಗೆ ಮಾಡಿದ್ದರಿಂದ ಕೈ ಮೇಲೆ ಕೆಳಗೆ ಓಡಬೇಕಾದ ದೂರ ಕಡಿಮೆಯಾಯಿತು. ಆದರೂ ಓಡುವುದು ತಪ್ಪಲಿಲ್ಲ. ಬೇಗನೆ ಓಡುವ ಹತ್ತು ಸ್ವರಗಳಲ್ಲಿ ಕೈ ನಾಲ್ಕೈದು ಕಡೆ ಜಾರಿ ನಿಲ್ಲಬೇಕು, ಅದೂ ಗುರುತಿಗೆ ಮೆಟ್ಟಿಲುಗಳೇ ಇಲ್ಲದ ನುಣುಪು ಹಲಗೆಯ ಮೇಲೆ.

ಬಲಗೈಯ ಕಥೆ ಬೇರೆ. ಬೇಸ್‌ನ ಕಮಾನು ಪಿಟೀಲಿನದ್ದಕ್ಕಿಂತ ಗಿಡ್ಡ, ತೂಕ ಎರಡರಷ್ಟು. ಅದಕ್ಕೆ ಹಚ್ಚುವ ರಾಳವೂ ಬೇರೆ, ಬೆರಳಿಗೆ ಅಂಟುವಷ್ಟು ಮೆತ್ತಗಿರುತ್ತದೆ. ಹಿಡಿಯುವ ಬಗೆ ಎರಡು. ಫ್ರೆಂಚ್ ಹಿಡಿತದಲ್ಲಿ ಪಿಟೀಲಿನ ಕಮಾನಿನಂತೆ ಕೈ ಮೇಲಿನಿಂದ ಬರುತ್ತದೆ. ಜರ್ಮನ್ ಹಿಡಿತದಲ್ಲಿ ಕಮಾನಿನ ಬುಡವನ್ನು ಪಕ್ಕದಿಂದ, ಅಂಗೈಯೊಳಗೆ ಹಿಡಿಯುತ್ತಾರೆ. ವಿಯೆನ್ನಾ, ಬರ್ಲಿನ್‌ಗಳಲ್ಲಿ ಜರ್ಮನ್ ಹಿಡಿತ ನಡೆದುಬಂದಿದೆ. ಅಮೆರಿಕದ ವೃಂದಗಳಲ್ಲಿ ಅಕ್ಕಪಕ್ಕ ನಿಂತ ಇಬ್ಬರು ಎರಡು ಬಗೆಯಲ್ಲಿ ಹಿಡಿದಿರುವುದನ್ನು ಕಾಣಬಹುದು. ಯಾವುದು ಮೇಲು ಎಂಬ ವಾದ ಬೇಸ್ ವಾದಕರಲ್ಲಿ ಇನ್ನೂ ಬಗೆಹರಿದಿಲ್ಲ. ಬಗೆಹರಿಯಬೇಕಾದ ಅಗತ್ಯವೂ ಕಾಣದು, ಎರಡರಲ್ಲೂ ಮಹಾನ್ ವಾದಕರು ಆಗಿಹೋಗಿದ್ದಾರೆ.

ಇನ್ನು ಕಾಲದ ಲೆಕ್ಕ. ದಪ್ಪ ತಂತಿ ಕಮಾನು ಸೋಕಿದೊಡನೆ ನುಡಿಯುವುದಿಲ್ಲ, ಅದು ಅಲುಗಿ ಸ್ವರ ಕಟ್ಟಲು ಕಣ್ಣೆವೆಯಷ್ಟು ಹೊತ್ತು ಬೇಕು. ಬೇಸ್‌ನವರು ನಿಲ್ಲುವುದು ವೇದಿಕೆಯ ಒಂದು ಅಂಚಿನಲ್ಲಿ. ವಿಯೆನ್ನಾದ ಮ್ಯೂಸಿಕ್‌ಫರೈನ್ ಸಭಾಂಗಣದಲ್ಲಾದರೆ ಎಲ್ಲರಿಗಿಂತ ಹಿಂದೆ ಗೋಡೆಯುದ್ದಕ್ಕೆ ಸಾಲಾಗಿ ನಿಲ್ಲುತ್ತಾರೆ. ಹದಿನೈದು ಮೀಟರ್ ಆಚೆಯಿರುವವರ ನಾದ ಇವರ ಕಿವಿ ಮುಟ್ಟುವಷ್ಟರಲ್ಲಿ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಕಾಲ ಕಳೆದಿರುತ್ತದೆ. ಕೇಳಿಸಿಕೊಂಡು ನುಡಿಸಿದರೆ ತಡವಾಯಿತೆಂದೇ ಲೆಕ್ಕ. ನಿರ್ದೇಶಕನ ಕೈಕೋಲನ್ನೂ ಮೊದಲ ಪಿಟೀಲುವಾದಕನ ಕಮಾನನ್ನೂ ಕಣ್ಣಿನಲ್ಲಿ ಹಿಡಿದು, ಸ್ವರವನ್ನು ಒಂದಿಷ್ಟು ಮುಂಚೆಯೇ ಹೊರಡಿಸಬೇಕು. ಎಂಟೂ ಜನ ಹಾಗೆ ಮಾಡಬೇಕು, ಎಂಟೂ ಒಂದೇ ವಾದ್ಯವಾಗಿ ಕೇಳಬೇಕು.

ಇದೆಲ್ಲ ತಿಳಿದ ಮೇಲೆ ಐದನೆಯ ಸಿಂಫೊನಿಯ ಮೂರನೆಯ ಭಾಗವನ್ನು ಕೇಳಿದರೆ ಅದರ ಸೊಗಸೇ ಬೇರೆ. ಆ ಭಾಗದ ನಡುವೆ ಬೇಸ್ ಮತ್ತು ಚೆಲ್ಲೊಗಳು ಒಂದು ಓಟದ ಸಂಚಾರವನ್ನು ಎತ್ತಿಕೊಳ್ಳುತ್ತವೆ. ವಯೋಲಾ ಹಿಂದೆ ಬರುತ್ತದೆ, ಪಿಟೀಲುಗಳು ಅದರ ಹಿಂದೆ. ಎಂದಿನ ಪದ್ಧತಿಯಲ್ಲಿ ಪಿಟೀಲು ಮುಂದಾಳು, ಇಲ್ಲಿ ಎಲ್ಲ ತಿರುವುಮುರುವು. ಎರಡನೆಯ ಬಾರಿ ಬೇಸ್‌ಗಳು ಹೊರಟು ಥಟ್ಟನೆ ನಿಲ್ಲುತ್ತವೆ, ಮತ್ತೆ ಹೊರಟು ಮತ್ತೆ ನಿಲ್ಲುತ್ತವೆ, ಮೂರನೆಯ ಸಲ ನಿಲ್ಲದೆ ಓಡುತ್ತವೆ. ವೃಂದಕ್ಕೆ ಸೇರಲು ಬರುವ ಬೇಸ್ ವಾದಕರ ಪರೀಕ್ಷೆಯಲ್ಲಿ ಈ ತುಣುಕು ಇಲ್ಲದಿರುವುದು ಅಪರೂಪ. ಎಷ್ಟೋ ಕಡೆ ಅಭ್ಯರ್ಥಿಯನ್ನು ಪರದೆಯ ಹಿಂದೆ ನಿಲ್ಲಿಸುತ್ತಾರೆ. ತೀರ್ಪುಗಾರರಿಗೆ ಮುಖ ಕಾಣುವುದಿಲ್ಲ, ಆ ಓಟ ಮಾತ್ರ ಕೇಳುತ್ತದೆ.

ಒಂಬತ್ತನೆಯ ಸಿಂಫೊನಿಯಲ್ಲಿ, 1824ರಲ್ಲಿ, ಬೀಥೋವನ್ ಇನ್ನೂ ದೂರ ಹೋದ. ಕೊನೆಯ ಭಾಗದ ಮೊದಲಿಗೆ ಹಾಡುಗಾರರು ಇನ್ನೂ ಬಾಯಿ ತೆರೆದಿಲ್ಲ. ಹಿಂದಿನ ಮೂರು ಭಾಗಗಳ ತುಣುಕುಗಳು ಒಂದೊಂದಾಗಿ ಮರಳಿ ಬರುತ್ತವೆ. ಚೆಲ್ಲೊ-ಬೇಸ್‌ಗಳು ಮಾತಿನ ಧಾಟಿಯಲ್ಲಿ ತಡೆದು, ಇದಲ್ಲ, ಇದೂ ಅಲ್ಲ ಎನ್ನುವಂತೆ ಅವನ್ನು ಬದಿಗೆ ಸರಿಸುತ್ತವೆ. ಆಮೇಲೆ ಲೋಕವೆಲ್ಲ ಬಲ್ಲ ಆ ಆನಂದದ ರಾಗ ಮೊತ್ತಮೊದಲು ಮೂಡುವುದೂ ಚೆಲ್ಲೊ-ಬೇಸ್‌ಗಳಲ್ಲೇ, ಬೇರೆ ಯಾರ ಒತ್ತಾಸೆಯೂ ಇಲ್ಲದೆ, ತೀರ ಮೆಲ್ಲಗೆ. ಡಬಲ್ ಬೇಸ್‌ಗೆ ಇದಕ್ಕಿಂತ ದೊಡ್ಡ ಗೌರವವನ್ನು ಯಾವ ರಚನಕಾರನೂ ಸಲ್ಲಿಸಿಲ್ಲ.

ಡ್ರಾಗೊನೆಟ್ಟಿಯ ಹೆಸರು ಹೇಳುವಾಗ ರಾಬರ್ಟ್ ಲಿಂಡ್ಲಿಯನ್ನು ಬಿಡಲಾಗದು. ಲಿಂಡ್ಲಿ ಚೆಲ್ಲೊ ವಾದಕ. ಲಂಡನ್ನಿನಲ್ಲಿ ಇಬ್ಬರೂ ಅರ್ಧ ಶತಮಾನ ಒಂದೇ ಸ್ವರಪುಸ್ತಕದ ಸ್ಟ್ಯಾಂಡ್ ಹಂಚಿಕೊಂಡು ನುಡಿಸಿದರು. ಇಂದಿಗೂ ವೃಂದದಲ್ಲಿ ಬೇಸ್‌ನವರು ಇಬ್ಬರಿಗೊಂದು ಸ್ಟ್ಯಾಂಡ್‌ನಂತೆ ನಿಲ್ಲುತ್ತಾರೆ. ಪುಟ ತಿರುವುವುದು ಇಬ್ಬರಲ್ಲಿ ಒಳಬದಿಯವರ ಕೆಲಸ. ಜೊತೆಗಾರರ ಉಸಿರಾಟ, ಕಮಾನು ಎತ್ತುವ ಹೊತ್ತು, ಯಾವ ತಂತಿಯ ಮೇಲೆ ಯಾವ ಸ್ವರ ಹಿಡಿಯುತ್ತಾರೆ ಎಂಬುದೆಲ್ಲ ವರ್ಷಗಟ್ಟಲೆ ಪಕ್ಕದಲ್ಲಿದ್ದವರಿಗೆ ಕಣ್ಣು ಮುಚ್ಚಿದರೂ ತಿಳಿಯುತ್ತದೆ.

ಒಬ್ಬರೇ ನುಡಿಸುವ ಘಳಿಗೆಗಳು ವೃಂದದ ಬೇಸ್ ವಾದಕರಿಗೆ ಕಡಿಮೆ. ಅವುಗಳಲ್ಲಿ ಎಲ್ಲರಿಗೂ ಎದೆ ಹೊಡೆದುಕೊಳ್ಳುವಂತೆ ಮಾಡುವುದು ಮಾಹ್ಲರ್‌ನ ಮೊದಲ ಸಿಂಫೊನಿಯ ಮೂರನೆಯ ಭಾಗ. 1889ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲು ಕೇಳಿಬಂದ ಕೃತಿ ಇದು. ಬೇಟೆಗಾರನ ಶವವನ್ನು ಕಾಡಿನ ಪ್ರಾಣಿಗಳೇ ಹೊತ್ತು ಸಾಗುವ ಒಂದು ಹಳೆಯ ಚಿತ್ರ ಮಾಹ್ಲರ್‌ನ ಮನಸ್ಸಿನಲ್ಲಿತ್ತು. ಟಿಂಪನಿ ಎಂಬ ನಗಾರಿ ಎರಡೇ ಸ್ವರಗಳಲ್ಲಿ ಮೆಲ್ಲಗೆ ಹೆಜ್ಜೆ ಹಾಕುತ್ತದೆ. ಅದರ ಮೇಲೆ ಒಂಟಿ ಬೇಸ್ ಮಕ್ಕಳ ಹಾಡೊಂದನ್ನು ಮಂಕು ಸ್ವರಗಳಿಗೆ ತಿರುಗಿಸಿ ನುಡಿಸಬೇಕು. ಯುರೋಪಿನ ಪ್ರತಿ ಮಗುವೂ ಬಲ್ಲ ಹಾಡು ಅದು. ಕುದುರೆಯ ಮೇಲೆ ನಾದ ತಗ್ಗಿಸುವ ಮ್ಯೂಟ್, ಕಮಾನಿಗೆ ಒತ್ತು ಕೊಡುವಂತಿಲ್ಲ, ಎಲ್ಲರಿಗೂ ಗೊತ್ತಿರುವ ರಾಗವಾದ್ದರಿಂದ ಒಂದು ಸ್ವರ ಆಚೀಚೆಯಾದರೂ ಸಭೆಗೆ ತಿಳಿಯುತ್ತದೆ. ಸುಲಭವಾದ ರಾಗವನ್ನು ಕಷ್ಟದ ಸ್ಥಿತಿಯಲ್ಲಿ ನುಡಿಸಿ ಎನ್ನುವುದೇ ಮಾಹ್ಲರ್ ಒಡ್ಡಿದ ಪರೀಕ್ಷೆ.

ವರ್ದಿಯ ‘ಒಥೆಲ್ಲೊ’ ಒಪೆರಾದಲ್ಲಿ, 1887ರಲ್ಲಿ ಮಿಲಾನಿನಲ್ಲಿ ರಂಗಕ್ಕೆ ಬಂದದ್ದು, ಇನ್ನೊಂದು ಜಾಗವಿದೆ. ನಾಲ್ಕನೆಯ ಅಂಕದಲ್ಲಿ ಡೆಸ್ಡಿಮೋನಾ ಪ್ರಾರ್ಥನೆ ಮುಗಿಸಿ ಮಲಗುತ್ತಾಳೆ, ಪಿಟೀಲುಗಳು ಆಕಾಶದ ಎತ್ತರದಲ್ಲಿ ಕರಗುತ್ತವೆ. ಒಥೆಲ್ಲೊ ಕೋಣೆಯೊಳಗೆ ಕಾಲಿಡುತ್ತಾನೆ. ಆಗ ಉಳಿಯುವುದು ಬೇಸ್‌ಗಳು ಮಾತ್ರ, ತಮ್ಮ ಅತಿ ಕೆಳಗಿನ ತಂತಿಯಿಂದ ತಡವರಿಸುತ್ತ ಮೇಲೇರುತ್ತವೆ. ಇಟಲಿಯಲ್ಲಿ ಆಗ ಮೂರು ತಂತಿಯ ಬೇಸ್‌ಗಳೂ ಬಳಕೆಯಲ್ಲಿದ್ದವು. ಅವುಗಳಲ್ಲಿ ಆ ಕೆಳಸ್ವರ ಸಿಗದು. ಅದಕ್ಕೆ ವರ್ದಿ ಇಲ್ಲಿ ನಾಲ್ಕು ತಂತಿಯವರು ಮಾತ್ರ ನುಡಿಸಬೇಕೆಂದು ಸೂಚಿಸಿದ. ವಾಗ್ನರ್ ‘ರೈನ್‌ಗೋಲ್ಡ್’ ಒಪೆರಾವನ್ನು ಆರಂಭಿಸಿದ್ದೂ ಎಂಟು ಬೇಸ್‌ಗಳಿಂದಲೇ. ಅವರಲ್ಲಿ ನಾಲ್ವರು ಕೊನೆಯ ತಂತಿಯ ಬಿರಡೆ ಸಡಿಲಿಸಿ ಅರ್ಧ ಸ್ವರ ಇಳಿಸಿಕೊಂಡಿರಬೇಕು. ರೈನ್ ನದಿಯ ಆಳದಿಂದ ಬರುವ ಆ ಒಂದೇ ಸ್ವರದ ಮೇಲೆ 136 ಆವರ್ತಗಳ ಇಡೀ ಪೀಠಿಕೆ ನಿಂತಿದೆ. ಇಂದು ಅಮೆರಿಕದಲ್ಲಿ ಎಷ್ಟೋ ವಾದಕರು ವಾದ್ಯದ ನೆತ್ತಿಯ ಆಚೆಗೂ ಹಲಗೆಯನ್ನು ಚಾಚಿ ತಂತಿಯನ್ನು ಉದ್ದ ಮಾಡಿಕೊಳ್ಳುತ್ತಾರೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಐದನೆಯ ತಂತಿ ಹಾಕಿಸಿದ ಬೇಸ್‌ಗಳೇ ಹೆಚ್ಚು ಬಳಕೆಯಲ್ಲಿವೆ.

ಸಣ್ಣ ಮೇಳದಲ್ಲಿ ಬೇಸ್ ಏನು ಮಾಡಬಲ್ಲದು ಎನ್ನುವುದಕ್ಕೆ ಶೂಬರ್ಟ್‌ನ ‘ಟ್ರೌಟ್’ ಪಂಚಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1819ರಲ್ಲಿ ಆಸ್ಟ್ರಿಯಾದ ಸ್ಟೈರ್ ಊರಿನಲ್ಲಿ ಸಿಲ್ವೆಸ್ಟರ್ ಪೌಮ್‌ಗಾರ್ಟ್ನರ್ ಎಂಬ ಸಂಗೀತಪ್ರೇಮಿ ಶೂಬರ್ಟ್‌ನನ್ನು ಒಂದು ಕೃತಿ ಕೇಳಿದ. ಪಿಯಾನೊ, ಪಿಟೀಲು, ವಯೋಲಾ, ಚೆಲ್ಲೊ, ಬೇಸ್ ಒಂದೊಂದು ಇರಬೇಕು, ಶೂಬರ್ಟ್‌ನದೇ ಮೀನಿನ ಹಾಡಿನ ರಾಗ ಅದರಲ್ಲಿ ಬರಬೇಕು. ಪೌಮ್‌ಗಾರ್ಟ್ನರ್ ಸ್ವತಃ ಹವ್ಯಾಸಿ ಚೆಲ್ಲೊ ವಾದಕ. ಸಾಮಾನ್ಯ ಮೇಳದಲ್ಲಿ ತಳ ಕಾಯುವ ಕೆಲಸ ಚೆಲ್ಲೊದ ಪಾಲಿಗೆ. ಇಲ್ಲಿ ಬೇಸ್ ಅದನ್ನು ವಹಿಸಿಕೊಂಡಿದ್ದರಿಂದ ಚೆಲ್ಲೊ ಮೇಲಕ್ಕೆ ಬಂದು ಮನಸಾರೆ ಹಾಡತೊಡಗಿತು. ಪಿಯಾನೊದ ಎಡಗೈಗೂ ಬಿಡುವು ಸಿಕ್ಕಿತು. ಎರಡೂ ಕೈಗಳು ಮೇಲಿನ ಸ್ಥಾಯಿಯಲ್ಲಿ ಜೊತೆಜೊತೆಯಾಗಿ ತೊರೆಯ ನೀರಿನಂತೆ ಹರಿದವು. ಆ ಕೃತಿಯ ತಿಳಿಬೆಳಕಿಗೆ ಪಿಯಾನೊವನ್ನು ಹೊಗಳುವವರು ಬಹಳ. ಆ ಹೊಗಳಿಕೆಯಲ್ಲಿ ಅರ್ಧ ಪಾಲು ಬೇಸ್‌ಗೆ ಸಲ್ಲಬೇಕು. ನಾಲ್ಕನೆಯ ಭಾಗದ ಮೂರನೆಯ ವೈವಿಧ್ಯದಲ್ಲಿ ಪಿಯಾನೊ ಮೇಲೆ ಚಿಮ್ಮುತ್ತಿರುವಾಗ ಹಾಡಿನ ರಾಗವನ್ನು ಚೆಲ್ಲೊ ಮತ್ತು ಬೇಸ್ ಹಿಡಿದು ನಡೆಸುತ್ತವೆ. ಆಗ ಅದನ್ನು ಕೇಳದಿರುವುದು ಸಾಧ್ಯವೇ ಇಲ್ಲ.

ರೇಡಿಯೊದಲ್ಲಿ ಇದೆಲ್ಲ ಕೇಳೀತೇ ಎಂಬ ಪ್ರಶ್ನೆ ಸಹಜ. ಬೇಸ್‌ನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ನಿಧಾನದ ಕಂಪನವನ್ನು ಅಂಗೈಯಗಲದ ಸ್ಪೀಕರು ಹೊರಡಿಸಲಾರದು. ಆದರೆ ಆ ತಂತಿ 41ರ ಜೊತೆಗೇ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಕಂಪನಗಳನ್ನೂ ಹುಟ್ಟಿಸುತ್ತದೆ. ಅವು ಸ್ಪೀಕರಿನಿಂದ ಹೊರಬರುತ್ತವೆ. ಅವುಗಳ ನಡುವಿನ ಅಂತರದಿಂದ ನಮ್ಮ ಮಿದುಳು ಇಲ್ಲದ 41ನ್ನು ತಾನೇ ಕಟ್ಟಿಕೊಳ್ಳುತ್ತದೆ. ಪುಟ್ಟ ಟ್ರಾನ್ಸಿಸ್ಟರಿನಲ್ಲೂ ಬೇಸ್‌ನ ಸ್ವರ ಯಾವುದೆಂದು ನಮಗೆ ತಿಳಿಯುವುದು ಹೀಗೆ.

ಮೈಸೂರಿಗೂ ಈ ಲೋಕಕ್ಕೂ ಒಂದು ನಿಜವಾದ ನಂಟಿದೆ. ಜಯಚಾಮರಾಜೇಂದ್ರ ಒಡೆಯರ್ ಅವರು ಪಾಶ್ಚಾತ್ಯ ಸಂಗೀತದಲ್ಲಿ ಆಳವಾಗಿ ಪಳಗಿದವರು, ಸ್ವತಃ ಪಿಯಾನೊ ವಾದಕರು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಚನಕಾರ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಆತನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವೃಂದ ಫಿಲ್‌ಹಾರ್ಮೋನಿಯಾ, ನಿರ್ದೇಶನ ಫುರ್ಟ್‌ವೆಂಗ್ಲರ್ ಅವರದು. ಕಛೇರಿಗೆ ಹಣದ ಬೆಂಬಲ ಕೊಟ್ಟವರು ನಮ್ಮ ಮಹಾರಾಜರು. ಅಂದು ಮೊದಲು ಹಾಡಿದ್ದು ದಣಿದ ಜೀವ ನಿದ್ದೆಗೆ ಹಂಬಲಿಸುವ ಹಾಡು. ಅದು ಹೊರಡುವುದು ತಂತಿವಾದ್ಯಗಳ ತಳದಿಂದ, ಚೆಲ್ಲೊ-ಬೇಸ್‌ಗಳ ಮಂದ್ರದಿಂದ ನಿಧಾನವಾಗಿ ಮೇಲೇರುತ್ತ.

ಬೇಸ್ ಬಲಿಷ್ಠ ಗಂಡಸರ ವಾದ್ಯ ಎಂಬ ನಂಬಿಕೆ ಬಹುಕಾಲ ಬೇರೂರಿತ್ತು. 1966ರಲ್ಲಿ ಲೆನರ್ಡ್ ಬರ್ನ್‌ಸ್ಟೈನ್ ನಿರ್ದೇಶಕರಾಗಿದ್ದ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ಗೆ ಓರಿನ್ ಓಬ್ರಯನ್ ಬೇಸ್ ವಾದಕಿಯಾಗಿ ಸೇರಿದಾಗ ಪತ್ರಿಕೆಗಳು ಅವರ ವಾದನಕ್ಕಿಂತ ರೂಪದ ಬಗ್ಗೆ ಹೆಚ್ಚು ಬರೆದವು. ಆ ದೊಡ್ಡ ವೃಂದದಲ್ಲಿ ಆಗ ಅವರೊಬ್ಬರೇ ಹೆಂಗಸು. ತಂದೆ ತಾಯಿ ಇಬ್ಬರೂ ಹಾಲಿವುಡ್ ತಾರೆಯರು. ಮಗಳಿಗೆ ಮಾತ್ರ ಮುಂದೆ ನಿಂತು ಮೆರೆಯುವ ಹಂಬಲವಿರಲಿಲ್ಲ. ಎಲ್ಲರ ನಡುವೆ ನಿಂತು ತಳಸ್ವರ ನುಡಿಸುವುದರಲ್ಲೇ ಅವರಿಗೆ ತೃಪ್ತಿ. 2021ರಲ್ಲಿ ನಿವೃತ್ತರಾಗುವವರೆಗೆ 55 ವರ್ಷ ಅದನ್ನೇ ಮಾಡಿದರು, ಜೊತೆಗೆ ತಲೆಮಾರುಗಳಿಗೆ ಪಾಠ ಹೇಳಿದರು. ಅವರ ಬಗ್ಗೆ ಅವರ ಸೋದರನ ಮಗಳೇ ತೆಗೆದ ಕಿರು ಸಾಕ್ಷ್ಯಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು. ಲಂಡನ್ನಿನಲ್ಲಿ ಚೀಚೀ ಎನ್ವಾನೊಕು 2015ರಲ್ಲಿ ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ಜನಾಂಗಗಳ ಸಂಗೀತಗಾರರಿಗಾಗಿ ‘ಚಿನೆಕೆ’ ವೃಂದವನ್ನು ಕಟ್ಟಿದರು. ಅವರೂ ಬೇಸ್ ವಾದಕಿ.

ನಮ್ಮ ದೇಶದ ಕೇಳುಗರಿಗೆ ಈ ವಾದ್ಯವನ್ನು ಹತ್ತಿರ ತಂದವರಲ್ಲಿ ಅಮೆರಿಕದ ಎಡ್ಗರ್ ಮೇಯರ್ ಮುಖ್ಯರು. ಶಾಸ್ತ್ರೀಯ ವೃಂದಗಳೊಡನೆ ತಾವೇ ಬರೆದ ಕೃತಿಗಳನ್ನು ನುಡಿಸುವ ಅವರು, ಉಸ್ತಾದ್ ಜಾಕಿರ್ ಹುಸೇನ್ ಮತ್ತು ಬ್ಯಾಂಜೊ ವಾದಕ ಬೇಲಾ ಫ್ಲೆಕ್ ಜೊತೆಗೂಡಿ ಸಿಂಫೊನಿ ವೃಂದಕ್ಕಾಗಿ ಒಂದು ತ್ರಿವಳಿ ಕೃತಿ ರಚಿಸಿದರು. 2009ರಲ್ಲಿ ಅದರ ಧ್ವನಿಮುದ್ರಿಕೆ ಬಂತು. ಮುಂದೆ ರಾಕೇಶ್ ಚೌರಾಸಿಯಾ ಅವರ ಬಾನ್ಸುರಿಯೂ ಸೇರಿ ಹೊರಬಂದ ‘ಆ್ಯಸ್ ವಿ ಸ್ಪೀಕ್’ 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪಡೆಯಿತು. ತಬಲಾದ ಎಡಗೈಯ ಡಗ್ಗ ಮತ್ತು ಬೇಸ್ ಎರಡೂ ಮಂದ್ರದ ನಾದಗಳು. ಒಂದು ಇನ್ನೊಂದನ್ನು ನುಂಗಿಹಾಕುವ ಅಪಾಯ ಇದ್ದೇ ಇದೆ. ಮೇಯರ್ ಅವರ ಕಮಾನು ಎಲ್ಲಿ ಹಿಂದೆ ಸರಿಯುತ್ತದೆ, ಎಲ್ಲಿ ಡಗ್ಗದ ಗುಂಕಾರ ನಿಂತ ಮೇಲೆ ತಾನು ಎತ್ತಿಕೊಳ್ಳುತ್ತದೆ, ಎಲ್ಲಿ ಕೊಳಲಿನ ಕೆಳಗೆ ತಳ ಬದಲಿಸುತ್ತದೆ ಎಂಬುದಕ್ಕೆ ಕಿವಿಗೊಟ್ಟು ಆ ಧ್ವನಿಮುದ್ರಿಕೆಯನ್ನು ಒಮ್ಮೆ ಕೇಳಬೇಕು.